ಗಟ್ಟಿ ಮುಚ್ಚಳದ ಕೋಣೆ

ಅರಬ್ ನಾಡಿನ ಅಲ್ ಕುಸೈಸಿನ ಕ್ಲಿನಿಕ್ಕಿನಲ್ಲಿ ಸರದಿಗೆ ಕಾದಿದ್ದ ಅಶ್ಮಿತಾಳ ಕಿವಿ, ಪಕ್ಕದಲ್ಲಿ ಕೂತಿದ್ದ ಗಂಡಹೆಂಡಿರ ತನ್ನೂರಿನ ಕನ್ನಡಕ್ಕೆ ತಾನಾಗಿಯೇ ನಿಮಿರಿತು.

“ಹೊಸ ವಿಲ್ಲಾದ ಅಂಗಳದಲ್ಲಿ ನೆಲದಡಿಗೊಂದು ಕೋಣೆ ಮಾಡಿಸ್ತೇನೆ, ಸ್ವರ್ಣ. ಬಿರುಗಾಳಿ ಬಂದ್ರೆ ಅಡಗ್ಲಿಕ್ಕೆ.”

“ಮುಚ್ಚಳ ಗಟ್ಟಿ ಉಂಟಾ?”

“ಕಬ್ಬಿಣದ್ದು. ಗಾಳಿ ಸಹ ನುಗ್ಲಿಕ್ಕಿಲ್ಲ.”

“ವಾಸನೆ ಹೊರಗೆ ಬರ್ತದಾ?”

“ಎಂತ ವಾಸನೆ ಮಾರಾಯ್ತಿ?”

“ಒಣಮೀನಿದ್ದು. ಫ್ಲ್ಯಾಟಲ್ಲಿ ಒಮ್ಮೆ ಹುರಿದದ್ದಕ್ಕೆ ಇಡೀ ಬಿಲ್ಡಿಂಗ್ ಬಾಗಿಲಿಗೆ ಬಂದಿತ್ತಲ್ಲ? ಇನ್ನು ಆ ಕೋಣೆಯಲ್ಲೇ ಹುರಿಯುವುದು.”

“ಅದು ಜೀವ ಉಳಿಸ್ಲಿಕ್ಕಿರುವ ಕೋಣೆ!”

“ಒಣಮೀನಿಲ್ಲದೆ ಎಂತ ಜೀವ?”

ಅಶ್ಮಿತಾಳ ತಲೆ ಅವಳಿಗೇ ತಿಳಿಯದೆ ಹೌದೆಂದು ಆಡಿತು.

ಗಂಡ ಈಗಲೇ ಮೂಗು ಮುಚ್ಚಿಕೊಂಡ. “ಹಾಗಾದ್ರೆ ಬಿರುಗಾಳಿಗೆ ನಾನು ಹೊರಗೇ ನಿಲ್ತೇನೆ.”

ನರ್ಸ್ ಅವರ ಹೆಸರು ಕೂಗಿದಳು.

“ನಿಲ್ಲಿ,” ಎನ್ನುತ್ತಾ ಹೆಂಡತಿ ಚೀಲ ಎತ್ತಿಕೊಂಡು ಎದ್ದಳು. “ಮೇಲಿಂದ ಮುಚ್ಚಳ ಒತ್ತಿ ಹಿಡೀಲಿಕ್ಕೂ ಒಂದು ಜನ ಬೇಕಲ್ಲ.”