ದೀಪದ ಮುಂದೆ ಕೂರಲಾರದವರು

ಆಸ್ಪತ್ರೆಯ ವರಾಂಡದಲ್ಲಿ ಸರದಿಗೆ ಕಾಯುತ್ತಿದ್ದ ಟೀಚರಮ್ಮನ ಪಕ್ಕದ ಬೆಂಚಿಗೆ ಒಬ್ಬ ಮುದುಕ ದರ್ಜಿಯೂ ಅವನ ಸೊಸೆಯೂ ಬಂದು ಕೂತರು. ವೈರಲ್ ಜ್ವರ ಬಿಟ್ಟು ತಿಂಗಳಾದರೂ ಮುದುಕನ ಮೈಯಲ್ಲಿ ಕಸುವಿರಲಿಲ್ಲ.

"ದಿನಾ ಬೆಳಿಗ್ಗೆ ಅವರು ಚಿಕಿತ್ಸೆಗೆ ಅಂತ ಕೊಟ್ಟಿರೋ ಆ ಪ್ರಖರ ಲೈಟಿನ ಮುಂದೆ ಕೂರ್ತೀನಿ ಅಂತ ಡಾಕ್ಟ್ರಿಗೆ ಹೇಳಿ ಮಾವ."

"ಸುಳ್ಳು ಹೇಳ್ಲಾ?"

"ಹಾಗಾದ್ರೆ ಕೂತ್ಕೊಳ್ಳಿ. ನಿದ್ದೆ ಸರಿಹೋಗಬಹುದು, ಮನಸ್ಸಿನ ಮಂಕು ಕಮ್ಮಿಯಾಗಬಹುದು ಅಂದಿದಾರೆ."

"ಜ್ವರ ನಿಂಗೂ ಬಂದಿತ್ತಲ್ಲಮ್ಮ. ನೀನ್ಯಾಕೆ ಕೂರಲ್ಲ?"

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ನನ್ನ ಮಗ ಹೋದ್ಮೇಲೆ ನಿನ್ನ ರೂಮಿನ ಕಿಟಕಿ ತೆಗೆದಿಲ್ಲ ನೀನು. ಗೋಡೆ ಆಚೆ ಮಲಗೋ ನಂಗೆ ನೀನು ರಾತ್ರಿ ಅಳೋದು ಕೇಳ್ಸತ್ತೆ."

ಸೊಸೆ ಔಷಧಿ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. ಟೀಚರಮ್ಮನಿಗೆ ಕೈಯಲ್ಲಿದ್ದ ಪೇಪರಿನ ಪುಟ ಮಗುಚಲೂ ಅಂಜಿಕೆಯಾಯಿತು.

"ನಿಮ್ಮ ಮಗ ಇದ್ದಿದ್ರೆ ನಿಮ್ಮನ್ನ ಎತ್ಕೊಂಡು ಹೋಗಿ ಕೂರಿಸ್ತಿದ್ರು."

"ನಿನ್ನನ್ನೂ ಕೂರಿಸ್ತಿದ್ದ."

"ಆ ಬೆಳಕಲ್ಲಿ ಮನೆ ಖಾಲಿ ಆಗಿರೋದು ಇನ್ನೂ ಚೆನ್ನಾಗಿ ಕಾಣತ್ತೆ ಮಾವ."

"ನಂಗೂ ಅದೇ ಕಾಣೋದು. ಅದಕ್ಕೇ ಒಬ್ಬನೇ ಕೂರಕ್ಕಾಗಲ್ಲ."

ನರ್ಸು ಬಾಗಿಲು ತೆರೆದು ಅವರ ನಂಬರು ಕೂಗಿದಳು. ಸೊಸೆ ಮುದುಕನ ರಟ್ಟೆ ಹಿಡಿದು ಎಬ್ಬಿಸಿದಳು.

"ಪೇಷಂಟ್ ಯಾರು? ಒಬ್ರೇ ಬನ್ನಿ."

"ಇಬ್ರೂನೂ," ಎಂದ ಮುದುಕ.

ಸೊಸೆಯೂ ಅವನ ಜೊತೆ ಒಳಗೆ ನಡೆದಳು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.