ಗಾರ್ಡ್ ಬರೆದ ಆರು ಪತ್ರಗಳು

...ಆ ಸ್ಟೂಲ್ ಬೇಡ ಕಣೇ, ಅದರ ಕಾಲು ಅಲ್ಲಾಡತ್ತೆ. ಇಲ್ಲಿ, ಈ ಕುರ್ಚೀಲಿ ಕೂತ್ಕೋ. ಆ ಪ್ಯಾಂಟುಗಳನ್ನ ಎತ್ತಿ ಆಚೆಗಿಡು, ಏನೂ ಆಗಲ್ಲ, ಎಲ್ಲಾ ಉದ್ದ ಕಮ್ಮಿ ಮಾಡೋಕೆ ಬಂದಿರೋವು. ಊರಿನ ಗಂಡಸರೇ ಕುಳ್ಳಾಗ್ತಿದ್ದಾರೋ, ರೆಡಿಮೇಡ್‌ನೋರು ಉದ್ದ ಹೊಲೀತಿದ್ದಾರೋ, ದೇವರಿಗೇ ಗೊತ್ತು. ಹಾಂ, ನಗು. ನೀನು ನಕ್ಕಿದ್ದು ನೋಡಿ ಎಷ್ಟು ದಿನ ಆಯ್ತು.

ಎಲ್ಲಿಗೆ ಬಂದಿದ್ದೆ... ಆ ಪ್ರಕಾಶಕಿ ವಿಷಯ. ನಿನ್ನೆ ಕೋಟು ತಗೊಂಡು ಬಂದಿದ್ರು, ಜಿಪ್ ಕಿತ್ತೋಗಿತ್ತು. ಗೋಡೆ ಮೇಲಿರೋ ನಮ್ಮಿಬ್ಬರ ಫೋಟೋ ನೋಡಿ, ಇವರು ನಿಮಗೇನಾಗಬೇಕು ಅಂದ್ರು. ತಂಗಿ ಅಂದೆ. ಆಗ ಹೇಳಿದ್ರು ನೋಡು. ಅವರ ಏಳು ಕಥೆ ಸೇರಿಸಿ ಪುಸ್ತಕ ಮಾಡೋಣ, ಹೊಸದೊಂದು ಬರೆದು ಕೊಡಿ ಅಂತ ಕೇಳಿದ್ವಿ, ಅವರು "ನನಗೆ ಬರೆಯೋಕೆ ಬರಲ್ಲ" ಅಂದುಬಿಟ್ರು ಅಂತ. ನಾನು ಸೂಜಿ ಬೆರಳಿಗೇ ಚುಚ್ಕೊಂಡೆ, ನೋಡಿಲ್ಲಿ, ಇನ್ನೂ ಕೆಂಪಗಿದೆ. ನನಗೊಂದು ಮಾತೂ ಹೇಳಲಿಲ್ಲವಲ್ಲ ನೀನು.

ನಾನೇ ಅವರ ಕೈಕಾಲು ಹಿಡಿದು ಒಪ್ಪಿಸಿದ್ದೀನಿ. ಇವತ್ತು ಐದು ಗಂಟೆಗೆ ಈ ಅಂಗಡಿ ಫೋನಿಗೇ ಮಾಡ್ತಾರೆ. ನೀನು ಹೂಂ ಅಂದ್ರೆ ಸಾಕು, ಅಷ್ಟೇ. ಇಲ್ಲಾಂದ್ರೆ ಬೇರೆ ಯಾರದೋ ಪುಸ್ತಕ ತಗೋತಾರಂತೆ. ಅದಕ್ಕೇ ನೀನು ಕೆಲಸ ಮಾಡೋ ಆಸ್ಪತ್ರೆಗೆ ಹೇಳಿಕಳಿಸಿದ್ದು. ಈಗ ನಾಲ್ಕೂವರೆ. ಅರ್ಧ ಗಂಟೆ ಇದೆ.

ತಲೆ ಅಲ್ಲಾಡಿಸಬೇಡ. ಮೊದಲು ಕೇಳು.

ನಿನಗಿರೋ ಕಾಯಿಲೆ ಒಂದೇ ಕಣೇ, ನಿನ್ನ ಮೇಲೆ ನಿನಗೇ ನಂಬಿಕೆ ಇಲ್ಲ. ಹನ್ನೊಂದು ವರ್ಷದಿಂದ ಆ ರೆಕಾರ್ಡ್ ರೂಮಲ್ಲಿ ಕೂತು ಫೈಲಿನ ಮೇಲೆ ಬೇರೆಯವರ ಹೆಸರು ಬರೀತಿದ್ದೀಯ. ವಯಸ್ಸು, ಕಾಯಿಲೆ, ವಾರ್ಡ್ ನಂಬರ್. ಅದೇ ಕೈ, ಅದೇ ಪೆನ್ನು. ನಂಬಿಕೆ ಮೊದಲು ಬರಬೇಕು, ಬರವಣಿಗೆ ಆಮೇಲೆ ತಾನಾಗೇ ಬರತ್ತೆ. ಯಾಕೆ ನಗ್ತೀಯ? ಭಾಷಣದ ಥರ ಇದ್ಯಾ? ಇರಲಿ. ನಾನು ಓದಿದವಳಲ್ಲ, ಹೊಲಿಯೋವಳು. ನನಗೆ ಗೊತ್ತಿರೋದರಲ್ಲೇ ಹೇಳ್ತೀನಿ. ಬಟ್ಟೆ ಅಲ್ಲಾಡದ ಹಾಗೆ ಮೊದಲು ಕಚ್ಚಾ ಹೊಲಿಗೆ ಹಾಕ್ತೀವಿ ನೋಡು, ದೊಡ್ಡ ದೊಡ್ಡದಾಗಿ, ಬಿಳೀ ದಾರದಲ್ಲಿ. ಅದನ್ನ ಯಾರು ಬೇಕಾದ್ರೂ ಹಾಕಿಕೊಡಬಹುದು. ಗಟ್ಟಿ ಹೊಲಿಗೆ ಬಿದ್ದಮೇಲೆ ಅದನ್ನ ಎಳೆದು ಬಿಸಾಕ್ತೀವಿ. ನಿನಗೂ ಒಬ್ಬರು ಹಾಕಿಕೊಟ್ಟಿದ್ರಲ್ಲ, ನೆನಪಿದ್ಯಾ? ಆ ಗಾರ್ಡು?

ಬ್ಯಾಗ್ ಮೇಲೆ ಕೈ ಹೋಯ್ತಲ್ಲ. ನೆನಪಿದೆ ಹಾಗಾದ್ರೆ.

ರಿಟೈರ್ಡ್ ರೈಲ್ವೆ ಗಾರ್ಡ್. ಹೆಂಡತಿ ಇಲ್ಲ, ಎಡಗಾಲಲ್ಲಿ ನೋವು, ಮನೇಲಿ ಒಂದು ಮುದಿ ಬೆಕ್ಕು. ನಿನ್ನ ಮೊದಲನೇ ಕಥೆ ವಾರಪತ್ರಿಕೇಲಿ ಬಂದ ಹತ್ತನೇ ದಿನಕ್ಕೆ ಅವನ ಪತ್ರ ಬಂತು. ನೀನು ಬಾಗಿಲಲ್ಲೇ ನಿಂತು ಓದ್ದೆ. ಆಮೇಲೆ ನನಗೆ ಓದಿ ಹೇಳಿದೆ, ಆಮೇಲೆ ಅಮ್ಮನಿಗೆ, ಆಮೇಲೆ ಹಾಲು ತಂದವನನ್ನೂ ನಿಲ್ಲಿಸಿಕೊಂಡು ಓದಿದೆ. ಊಟ ಮಾಡೋಕೇ ಮರೆತುಹೋಗಿತ್ತು ನಿನಗೆ. ಅವತ್ತೇ ಎರಡನೇ ಕಥೆ ಶುರು ಮಾಡಿದೆ.

ಗುಬ್ಬಿ... ಇದನ್ನ ನಾನು ಸಾಯೋವರೆಗೂ ಹೇಳಬಾರದು ಅಂದ್ಕೊಂಡಿದ್ದೆ. ಇವತ್ತು ಹೇಳ್ತೀನಿ, ನಿನಗೋಸ್ಕರ. ಆ ಗಾರ್ಡು ನಾನೇ.

ಎಡಗೈಯಲ್ಲಿ ಬರೀತಿದ್ದೆ, ಅಕ್ಷರ ಗುರುತು ಸಿಗಬಾರದು ಅಂತ. ಮುದುಕರ ಕೈ ನಡುಗಿದ ಹಾಗೇ ಕಾಣ್ತಿತ್ತು. ದಾರ, ಗುಂಡಿ ಮಾರಿಕೊಂಡು ಊರೂರು ತಿರುಗೋ ಆ ದಪ್ಪ ಮಾವ ಇದ್ರಲ್ಲ, ಅವರ ಕೈಲಿ ಕೊಟ್ಟು ಕಳಿಸ್ತಿದ್ದೆ. ಬೇರೆ ಊರಿನ ಅಂಚೆ ಮುದ್ರೆ ಬೀಳಲಿ ಅಂತ. ಅವರು ಪಾಪ, ನಾನು ಯಾವನಿಗೋ ಪ್ರೇಮಪತ್ರ ಬರೀತಿದ್ದೀನಿ ಅಂದ್ಕೊಂಡು ಪ್ರತಿ ಸಲಾನೂ ಒಂದು ಡಜನ್ ಗುಂಡಿ ಜಾಸ್ತಿ ಕೊಡೋರು. ಅಂಥ ಪತ್ರ ಬರೆಯೋ ಭಾಗ್ಯ ನನಗೆಲ್ಲಿತ್ತು.

ಆದ್ರೂ ಚೆನ್ನಾಗಿ ಬರೀತಿದ್ದೆ ಅಲ್ವಾ? ನನ್ನ ಹೆಸರಲ್ಲಿ ನನಗೆ ಒಂದು ಸಾಲೂ ಆಗ್ತಿರಲಿಲ್ಲ ಕಣೇ. ಕೂತ್ರೆ ಮೈ ಬೆವರೋದು. ಗಾರ್ಡ್ ಆದ ತಕ್ಷಣ ಎಲ್ಲಿಂದ ಬರ್ತಿತ್ತೋ, ನೀರು ಕುಡಿದಷ್ಟು ಸಲೀಸು. ನಿನ್ನನ್ನ ನಂಬೋದು ನನಗೆ ಬರ್ತಿತ್ತು. ನನ್ನನ್ನ ನಂಬೋದು ಯಾರೂ ಹೇಳಿಕೊಡಲಿಲ್ಲ.

ಆರು ಕಥೆಗೆ ಆರು ಪತ್ರ. ಆಮೇಲೆ ನಾನೇ ನಿಲ್ಲಿಸಿದೆ, ಇನ್ನು ನಿನ್ನ ಕಾಲ ಮೇಲೆ ನೀನು ನಿಂತ್ಕೋತೀಯ ಅಂತ. ಏಳನೇ ಕಥೆ ಬಂತು, ನೀನೂ ನಿಲ್ಲಿಸಿಬಿಟ್ಟೆ. ಯಾಕೆ ಅಂತ ನನಗಿವತ್ತಿಗೂ ಅರ್ಥ ಆಗಿಲ್ಲ.

ಏನು ಹಾಗೆ ನೋಡ್ತೀಯ? ಅಕ್ಕ ಮೋಸ ಮಾಡಿದ್ಳು ಅಂತ ಕೋಪಾನಾ? ಹೆಸರು ಸುಳ್ಳಾದ್ರೂ ಹೊಗಳಿಕೆ ಸುಳ್ಳಲ್ಲ. ಒಂದೊಂದು ಮಾತೂ ಹೊಟ್ಟೆಯೊಳಗಿಂದ ಬಂದಿದ್ದು. ಅದನ್ನ ನಂಬಿ ಆರು ಕಥೆ ಬರೆದವಳು ಇನ್ನೊಂದು ಬರೆಯಕ್ಕಾಗಲ್ವಾ?

ಬ್ಯಾಗಲ್ಲಿ ಏನು ಹುಡುಕ್ತಿದ್ದೀಯ? ಕರ್ಚೀಫ್ ಬೇಕಾ, ಇಲ್ಲಿದೆ ತಗೋ... ಓ. ಇಟ್ಕೊಂಡಿದ್ದೀಯಾ? ಎಲ್ಲಾನೂ? ನನ್ನ ಅಂಗಡಿ ಕೆಂಪು ದಾರದಲ್ಲೇ ಕಟ್ಟಿದ್ದೀಯಲ್ಲೇ. ಕೊಡು. ಅಯ್ಯೋ, ಎಷ್ಟು ಹಳದಿಯಾಗಿದೆ ಕಾಗದ. ಒಂದು. ಎರಡು, ಇದರಲ್ಲಿ ಯಾವುದೋ ಸಾಲಿಗೆ ಗೀಟು ಹಾಕಿದ್ದೀಯ, ಮೆಚ್ಚಿಕೊಂಡಿದ್ದೆ ಅನ್ಸತ್ತೆ. ಮೂರು, ನಾಲ್ಕು. ಐದು. ಆರು.

...

ಇದು ಯಾವುದು, ಏಳನೇದು?

ಇಲ್ಲ, ಇದು ನನ್ನದಲ್ಲ. ನಾನು ಬರೆದಿದ್ದು ಆರೇ. ಯಾರೋ ಹೊಟ್ಟೆಕಿಚ್ಚಿನವರು ಬರೆದಿರಬೇಕು. ಎಡಗೈ ಅಕ್ಷರ ಯಾರದಾದ್ರೂ ಒಂದೇ ಥರ ಕಾಣತ್ತೆ. ಊರಿನ ಮುದ್ರೆ... ಗುಂಡಿ ಮಾವ ಒಬ್ಬರೇನಾ ಆ ಊರಿಗೆ ಹೋಗೋರು? ನೀನು ಇದನ್ನ ಓದಿ ನಿಲ್ಲಿಸಿದೆಯಾ? ಇಂಥಾದ್ದನ್ನೆಲ್ಲ ಯಾರಾದ್ರೂ ಮನಸ್ಸಿಗೆ ಹಚ್ಕೋತಾರಾ, ಹರಿದು ಒಲೆಗೆ ಹಾಕೋದು ಬಿಟ್ಟು.

ಓದಬೇಕಾಗಿಲ್ಲ, ಮಡಚಿಡು. ನನಗೆ ಬೇಡ.

ಎಲ್ಲಿಗೆ ಎದ್ದೆ? ನೀರು ಬೇಕಾ? ಅಲ್ಲಿ ಕೂರಬೇಡ. ಆ ಸ್ಟೂಲ್ ಬೇಡ ಅಂದ್ನಲ್ಲ. ಗುಬ್ಬಿ, ಏಳು ಅಲ್ಲಿಂದ. ಬೀಳ್ತೀಯ.

...

ಕಾಲು ಅಲ್ಲಾಡ್ತಿಲ್ಲ ಅಲ್ವಾ. ಹೌದು. ಯಾವತ್ತೂ ಅಲ್ಲಾಡಿಲ್ಲ. ಬಂದವರಿಗೆಲ್ಲ ಹಾಗೇ ಹೇಳ್ತೀನಿ, ಯಾರೂ ಕೂರದೇ ಇರಲಿ ಅಂತ. ಅದು ಅವನು ಕೂರೋ ಜಾಗ.

ಹುಚ್ಚಿ ಅನ್ನು ಬೇಕಾದ್ರೆ. ಮಧ್ಯಾಹ್ನ ಗಿರಾಕಿ ಇಲ್ಲದೇ ಇರೋವಾಗ ಬರ್ತಾನೆ. ಬಾವುಟ ಸುತ್ತಿ ಕಂಕುಳಲ್ಲಿ ಇಟ್ಕೊಂಡು, ಎಡಗಾಲು ಚಾಚಿ ಕೂರ್ತಾನೆ. ಗಾರ್ಡಿಗೆ ನಾನೇ ಕೊಟ್ಟ ಕಾಲುನೋವು. ಬೆಕ್ಕು ಮಾತ್ರ ತರಲ್ಲ. ಮೊದಮೊದಲು ಹೆದರಿಕೆ ಆಗ್ತಿತ್ತು, ಈಗ ಹೆದರಿಕೆಗಿಂತ ಸುಸ್ತು. ಅಳತೆ ಬರೆಯೋ ನೋಟ್‌ಬುಕ್ಕಲ್ಲಿ ನಾನು ಏನಾದ್ರೂ ಒಂದು ಸಾಲು ಗೀಚೋಕೆ ಹೋದ್ರೆ ಅಲ್ಲಿಂದಲೇ ಹೇಳ್ತಾನೆ, ಒಂದೇ ಮಾತು, ಮೆಲ್ಲಗೆ. ನಿಮ್ಮದು ಅಂತ ನಿಮ್ಮ ಹತ್ತಿರ ಏನೂ ಇಲ್ಲ. ಇನ್ನು ಬರೆಯಬೇಡಿ.

ಹೌದು ಕಣೇ. ಏಳನೇ ಪತ್ರದ ಮಾತು. ನನಗೆ ಹೇಗೆ ಗೊತ್ತು ಅಂದ್ರೆ, ನಾನೇ ಬರೆದಿದ್ದು.

ಅಪ್ಪನ ಅಂಗಿ ನೆನಪಿದ್ಯಾ ನಿನಗೆ? ಅಪ್ಪ ಹೋದಮೇಲೆ ಅಮ್ಮ ಅವರ ಅಂಗಿಗಳನ್ನೆಲ್ಲ ನನ್ನ ಮುಂದೆ ಹಾಕಿ, ಕತ್ತರಿಸಿ ಗುಬ್ಬಿಗೆ ಫ್ರಾಕ್ ಹೊಲಿ ಅಂದ್ಲು. ಕತ್ತರಿಸಿದೆ. ಆದ್ರೆ ಜೇಬು... ಮಸಿ ಕಲೆ ಆಗಿತ್ತಲ್ಲ ಆ ಜೇಬು, ಅದನ್ನ ಬಿಸಾಕೋಕೆ ಆಗಲಿಲ್ಲ. ಬಿಚ್ಚಿ ನನ್ನ ಕೋಟಿನ ಒಳಗಡೆ ಹೊಲ್ಕೊಂಡೆ. ಎಷ್ಟೋ ವರ್ಷ ಅದನ್ನ ಹಾಕ್ಕೊಂಡು ಓಡಾಡಿದೆ, ಯಾರಿಗೂ ಗೊತ್ತಿರಲಿಲ್ಲ. ನಿನಗೊಬ್ಬಳಿಗೆ ಹೇಳಿದ್ದೆ.

ಅದನ್ನೇ ಕಥೆ ಮಾಡಿ ನಾನೂ ಕಳಿಸಿದ್ದೆ, ಅದೇ ಪತ್ರಿಕೆಗೆ. ನನ್ನ ಹೆಸರಲ್ಲಿ, ಬಲಗೈಯಲ್ಲಿ. ಬದುಕಲ್ಲಿ ಒಂದೇ ಒಂದು ಸಲ. ನಿನಗೂ ಹೇಳಲಿಲ್ಲ. ಶುಕ್ರವಾರ ವಾಪಸ್ ಬಂತು. ಶನಿವಾರ ಪತ್ರಿಕೆ ಬಂತು, ಅದರಲ್ಲಿ ನಿನ್ನ ಏಳನೇ ಕಥೆ. ಜೇಬು. ಮಸಿ ಕಲೆ. ಕೋಟಿನ ಒಳಗಡೆ. ಎಲ್ಲಾ ಕಥೇನೂ ಅಚ್ಚಿಗೆ ಮುಂಚೆ ನನಗೆ ಓದಿ ಹೇಳ್ತಿದ್ದವಳು ಅದೊಂದನ್ನ ಹೇಳಿರಲಿಲ್ಲ. ಅಕ್ಕ ಖುಷಿ ಪಡಲಿ ಅಂತ ಗುಟ್ಟಾಗಿಟ್ಟಿದ್ದೆ ಅಂತ ಈಗ ಅನ್ಸತ್ತೆ. ಅವತ್ತು ಅನ್ನಿಸಲಿಲ್ಲ. ಅವತ್ತು ನನ್ನ ಎದೆಯಿಂದ ಆ ಜೇಬನ್ನ ಯಾರೋ ಬಿಚ್ಕೊಂಡು ಹೋದ ಹಾಗೆ ಆಯ್ತು. ಅದಕ್ಕಿಂತ ಕೆಟ್ಟದ್ದು ಏನು ಗೊತ್ತಾ? ನೀನು ನನಗಿಂತ ಚೆನ್ನಾಗಿ ಬರೆದಿದ್ದೆ. ನನ್ನ ಜೇಬನ್ನ ನನಗಿಂತ ಚೆನ್ನಾಗಿ.

ಎಡಗೈಗೆ ಪೆನ್ನು ತಗೊಂಡೆ. ಐದು ನಿಮಿಷ ಹಿಡೀಲಿಲ್ಲ.

ನಿನಗೆ ಬೇಜಾರಾಗತ್ತೆ, ಒಂದು ವಾರ ಅಳ್ತೀಯ, ಆಮೇಲೆ ಮತ್ತೆ ಬರೀತೀಯ ಅಂದ್ಕೊಂಡಿದ್ದೆ. ದೇವರಾಣೆಗೂ ಅಷ್ಟೇ. ಯಾರೋ ಗುರುತು ಪರಿಚಯ ಇಲ್ಲದ ಮುದುಕ ಹೇಳಿದ ಅಂತ ಯಾರಾದ್ರೂ ಬರೆಯೋದೇ ಬಿಡ್ತಾರಾ? ನಾನು ಕಾಯ್ತಾ ಇದ್ದೆ. ಒಂದು ತಿಂಗಳು, ಎರಡು ತಿಂಗಳು. ಅಷ್ಟರಲ್ಲಿ ನೀನು ಆಸ್ಪತ್ರೆ ಕೆಲಸಕ್ಕೆ ಸೇರ್ಕೊಂಡೆ. ಸಮಾಧಾನ ಮಾಡಿ ಇನ್ನೊಂದು ಪತ್ರ ಹಾಕೋಣ ಅಂತ ಎಷ್ಟು ಸಲ ಕೂತೆ ಗೊತ್ತಾ? ಆಗಲೇ ಅವನು ಬರೋಕೆ ಶುರು ಮಾಡಿದ್ದು. ಅಲ್ಲಿ ಕೂತು ನನ್ನ ಕೈಯನ್ನೇ ನೋಡೋನು.

ಏನಾದ್ರೂ ಅನ್ನು. ಬೈಯಿ. ಆ ಕತ್ತರಿ ತಗೊಂಡು ಹೊಡಿ ಬೇಕಾದ್ರೆ.

ಇದೇನು... ಎರಡನೇ ಪತ್ರ ಯಾಕೆ ಕೊಡ್ತೀಯ? ಗೀಟು ಹಾಕಿರೋದಾ? ಕನ್ನಡಕ ಎಲ್ಲಿಟ್ಟೆ... ಹಾಂ. "ಕೊನೆಯಲ್ಲಿ ಆಕೆ ಕೋಟಿನ ಗುಂಡಿಗಳನ್ನು ಒಂದೊಂದು ತೂತು ತಪ್ಪಿಸಿ ಹಾಕಿಕೊಂಡು ಹೊರಟಳಲ್ಲ, ಅಲ್ಲಿ ನನ್ನ ಕಣ್ಣು ತುಂಬಿತು." ಹೌದು, ನನ್ನ ಮಾತೇ. ನಿಜವಾಗಿ ತುಂಬಿತ್ತು ಕಣೇ. ನೀನು ಇದೇ ಅಂಗಡೀಲಿ ನಿಂತು ಓದಿದ್ದೆ, ನಾನು ಮಷಿನ್ ನಿಲ್ಲಿಸಿಬಿಟ್ಟಿದ್ದೆ.

ಇದು? ಪತ್ರಿಕೆಯಿಂದ ಕತ್ತರಿಸಿದ ಹಾಳೆ. ಅದೇ ಕಥೆ. ಅಚ್ಚಾಗಿದ್ದನ್ನ ನಾನು ಓದಿರಲಿಲ್ಲ, ಬಾಯಿಪಾಠವೇ ಆಗಿತ್ತಲ್ಲ, ಮತ್ತೆ ಯಾಕೆ ಓದಲಿ... "ಆಕೆ ದೀಪ ಆರಿಸಿದಳು." ಇಲ್ಲಿಗೇ ಮುಗಿದಿದೆ. ಆ ಗುಂಡಿ ಸಾಲು ಎಲ್ಲಿ? ಕೆಳಗಡೆ ಸೋಪಿನ ಜಾಹೀರಾತಿದೆ.

ಜಾಗ ಸಾಲದೆ ತೆಗೆದುಬಿಟ್ಟಿದ್ರಾ?

ಅಂದ್ರೆ... ಆ ಗುಂಡಿ ಅಚ್ಚಾಗಲೇ ಇಲ್ಲ. ಅದನ್ನ ಕೇಳಿದವಳು ಲೋಕದಲ್ಲಿ ನಾನೊಬ್ಬಳೇ.

ಗುಬ್ಬಿ. ಎರಡನೇ ಪತ್ರದಿಂದಲೇ ಗೊತ್ತಿತ್ತಾ ನಿನಗೆ?

ಎಲ್ಲಾ ಗೊತ್ತಿದ್ದೂ ಮೂರನೇದನ್ನ ಕುಣಿದಾಡ್ಕೊಂಡು ತಂದು ನನಗೇ ಓದಿ ಹೇಳಿದೆಯಲ್ಲೇ. ನಾಲ್ಕನೇದನ್ನ. ಐದನೇದನ್ನ. ಗಾರ್ಡಿಗೆ ಕಾಲುನೋವು ಹೇಗಿದ್ಯೋ ಪಾಪ ಅಂತಿದ್ದೆ, ನನ್ನ ಮುಖ ನೋಡ್ಕೊಂಡು. ನೀನು ನಂಬಿದ್ದು ಯಾವನೋ ಗಾರ್ಡನ್ನಲ್ಲ. ನನ್ನನ್ನ.

ಹಾಗಾದ್ರೆ ಏಳನೇದು...

ಯಾವನೋ ಗಾರ್ಡು ಹೇಳಿದ್ದು ಅಂತ ಓದಿದ್ರೆ ಹರಿದು ಬಿಸಾಕಿ ಬರೀತಿದ್ದೆ ನೀನು. ಹಾಗೆ ಓದಲೇ ಇಲ್ಲ. ಅಕ್ಕ ಹೇಳಿದ್ಳು ಅಂತ ಓದಿದೆ. ಅದು ಬಂದ ದಿನ ಸಂಜೆ ನನ್ನ ಪಕ್ಕದಲ್ಲೇ ನಿಂತು ಪಾತ್ರೆ ಒರೆಸಿದೆ. ಪೋಸ್ಟ್ ಏನಾದ್ರೂ ಬಂತಾ ಅಂತ ಕೇಳಿದೆ ನಾನು, ಗೊತ್ತಿಲ್ಲದವಳ ಹಾಗೆ. ಏನೂ ಬಂದಿಲ್ಲ ಅಕ್ಕ, ಅಂದೆ. ಅಷ್ಟೇ ಅಂದೆ. ಹನ್ನೊಂದು ವರ್ಷ ಅದನ್ನೇ ಅನ್ನುತ್ತಾ ಬಂದೆಯಲ್ಲೇ.

...

ಫೋನು. ಐದಾಯ್ತು. ಅವರೇ.

ನಾನು ತೆಗೆಯಲ್ಲ. ನಿನ್ನ ಬದಲು ನಾನು ಮಾತಾಡಿದ್ದು ಸಾಕು. ನೀನೇ ತಗೋ, ಕೈ ಚಾಚಿದ್ರೆ ಸಿಗತ್ತೆ. ಯಾಕೆ ಕೂತೇ ಇದ್ದೀಯ? ಎಷ್ಟು ಹೊತ್ತು ಹೊಡ್ಕೊಳ್ಳತ್ತೆ ಅದು, ನಿಂತುಹೋಗತ್ತೆ. ಯಾಕೆ ನನ್ನ ಬಾಯಿ ನೋಡ್ತೀಯ? ನಾನೇನು...

ಓ.

ಅದಕ್ಕಾ ಕಾಯ್ತಿದ್ದೆ? ಇಷ್ಟು ವರ್ಷ? ಬರೆಯಬೇಡ ಅಂದವಳೇ ಬರಿ ಅಂತ ಬಾಯಿಬಿಟ್ಟು ಹೇಳಲಿ ಅಂತಾನಾ?

ಎಡಗೈಯಲ್ಲಿ ಎಷ್ಟು ಸಲೀಸಾಗಿ ಬರ್ತಿತ್ತು. ಈಗ ನಾಲಿಗೇನೇ ಹೊರಳ್ತಿಲ್ಲ ನೋಡು. ತಡಿ... ತಡಿ, ಹೇಳ್ತೀನಿ. ಗಾರ್ಡ್ ಅಲ್ಲ ಕಣೇ. ನಾನು, ನಿಮ್ಮಕ್ಕ. ಜೇಬು ನಿನ್ನದೂ ಹೌದು, ಅಪ್ಪ ನಿನಗೂ ಅಪ್ಪನೇ. ನೀನು ಏನೂ ಕದ್ದಿಲ್ಲ. ಬರಿ, ಗುಬ್ಬಿ. ನಾನೇ ಹೇಳ್ತಿದ್ದೀನಿ. ಬರಿ.

...

ಫೋನ್ ನಿಂತುಹೋಯ್ತಲ್ಲೇ.