ಎರಡನೇ ಸಹಿ

...ಇಡೀ ಹೇಳಿಕೆ ಹರಿದು ಹಾಕು ಅಂದ್ನಾ ನಾನು? ಇಲ್ವಲ್ಲ! ಒಂದೇ ಒಂದು ವಾಕ್ಯ ಕಣೇ. ಎರಡನೇದು. ಮೊದಲನೇದು ಇರಲಿ, ಮುತ್ತಿನಂಥ ವಾಕ್ಯ: "ಹಾರುವ ಮುಂಚೆ, ವಿಮಾನದ ಮೂಗು ಏರಿಳಿಸುವ ಟ್ರಿಮ್ ಚಕ್ರ ತಿರುಗಿಸಿ, ಬಾಲದ ಪಟ್ಟಿ ಯಾವ ಕಡೆ ವಾಲುತ್ತದೆ ಎಂದು ನಾನು ನೋಡಲಿಲ್ಲ." ಆಹಾ! ಪೈಲಟ್ ಅಂದ್ರೆ ಹೀಗಿರ್ಬೇಕು. ಅದಾದ್ಮೇಲೆ ಇದ್ಯಾಕೆ ಬಾಲಂಗೋಚಿ? "ಹಾರಾಟಕ್ಕೆ ಒಪ್ಪಿಗೆ ಕೊಡುವ ರಿಲೀಸ್ ಪತ್ರದಲ್ಲಿ ನನ್ನ ಸೋದರಮಾವನ ಸಹಿ ಕಂಡು, ಎಲ್ಲ ಸರಿಯಿದೆ ಎಂದು ನಂಬಿದೆ." ಸೋದರಮಾವ ಅಂತೆಲ್ಲ ಬರೀತಾರಾ ಚಿಟ್ಟೆ, ವಿಚಾರಣೆಯ ಕಾಗದದಲ್ಲಿ? ಮದುವೆ ಕರೆಯೋಲೆನಾ ಇದು?

ಕೂತ್ಕೋ. ಹತ್ತಕ್ಕೆ ತಾನೇ ಒಳಗೆ ಕರೆಯೋದು? ಇನ್ನೂ ಇಪ್ಪತ್ತು ನಿಮಿಷ ಇದೆ. ಈ ದಾಖಲೆ ಕೋಣೆಗೆ ಯಾರೂ ಬರಲ್ಲ, ಇಲ್ಲಿರೋದು ಧೂಳು, ನಾನು, ಇಬ್ರೇ. ಆ ಕೈ ಮೇಜಿನ ಮೇಲಿಡು, ಜೋತಾಡಿಸ್ಬೇಡ. ಪ್ಲಾಸ್ಟರ್ ಯಾವತ್ತು ತೆಗೀತಾರಂತೆ?

ಆ ಕಪಾಟು ನೋಡು. ಮೇಲಿಂದ ಕೆಳಗಿನ ತನಕ ಮೂವತ್ತೊಂದು ವರ್ಷದ ಪುಸ್ತಕಗಳು. ಯಾವುದಾದ್ರೂ ತೆಗಿ, ಕಣ್ಣು ಮುಚ್ಕೊಂಡು ತೆಗಿ, ನನ್ನ ಸಹಿ ಇರುತ್ತೆ! ನಾನು ಸಹಿ ಹಾಕದೆ ಈ ಮೈದಾನದಿಂದ ಒಂದು ಸೊಳ್ಳೆ ಮೇಲೆದ್ದಿಲ್ಲ. ಒಂದ್ಸಲ ಹದ್ದೊಂದು ಬಂದು ಹ್ಯಾಂಗರ್ ಬಾಗಿಲಲ್ಲಿ ರೆಕ್ಕೆ ಚಾಚ್ಕೊಂಡು ನಿಂತ್ಬಿಡ್ತು. ಎಲ್ಲರೂ ಓಡಿಸ್ತಾರೆ, ಹೋಗಲ್ಲ. ನಾನು ಬಂದೆ. ಎಡ ರೆಕ್ಕೆ ನೋಡ್ದೆ, ಬಲ ರೆಕ್ಕೆ ನೋಡ್ದೆ, "ಸರಿ ಇದೆ, ಹೋಗಪ್ಪಾ" ಅಂದೆ... ಹಾರಿಹೋಯ್ತು! ಚಿಕ್ಕವಳಿದ್ದಾಗ ಈ ಕಥೆ ಕೇಳಿ ಬಿದ್ದು ಬಿದ್ದು ನಗ್ತಿದ್ದೆ. "ಇನ್ನೊಂದ್ಸಲ ಹೇಳು ಮಾಮ" ಅಂತ ಪ್ಯಾಂಟು ಹಿಡಿದು ಜಗ್ತಿದ್ದೆ. ಈಗ್ಯಾಕೆ ನಗ್ತಿಲ್ಲ?

ಸರಿ. ಕಥೆ ಬೇಡ. ಪೆನ್ನು ತಗೋ. ಹೊಡೆದುಹಾಕೋದು ಹೇಗೆ ಅಂತ ನಾನೇ ಕಲ್ಸಿದೀನಲ್ಲ? ಗೀಚ್ಬಾರ್ದು, ಬಿಳಿ ಬಣ್ಣ ಬಳೀಬಾರ್ದು. ಒಂದೇ ಗೆರೆ. ಕೆಳಗಿರೋದು ಓದೋಕೆ ಬರ್ಬೇಕು. ಪಕ್ಕದಲ್ಲಿ ಚಿಕ್ಕ ಸಹಿ, ಗಡಿಯಾರ ನೋಡಿ ಟೈಮು. ಮೂರನೇ ಕ್ಲಾಸಲ್ಲಿ ಎಂಟೇಳ್ಲ ಐವತ್ನಾಲ್ಕು ಅಂತ ಬರೆದು, ಗೆರೆ ಎಳೆದು, ಪಕ್ಕದಲ್ಲಿ "ಸಂಜೆ ಐದು ಹತ್ತು" ಅಂತ ಹಾಕಿದ್ಯಲ್ಲೇ! ಟೀಚರ್ ನಿಮ್ಮಮ್ಮನ್ನ ಕರೆಸಿದ್ರು. ...ಓದ್ಲಿ ಬಿಡು ವಿಚಾರಣೆಯವ್ರು, ಹೊಡೆದ ವಾಕ್ಯದ ಮೇಲೆ ಪ್ರಶ್ನೆ ಕೇಳೋ ಹಾಗಿಲ್ಲ.

ಮೂಲ ತಪ್ಪು ಯಾರದು? ದಪ್ಪ ಕನ್ನಡಕದ ಫಿಟ್ಟರ್‌ದು. ಬಾಲಕ್ಕೆ ಹೋಗೋ ಎರಡು ಕೇಬಲ್ ಅದಲು ಬದಲು ಜೋಡಿಸ್ಬಿಟ್ಟ. ನೀನು ಮೂಗು ಇಳಿಸೋಕೆ ಚಕ್ರ ತಿರುಗಿಸ್ದೆ, ವಿಮಾನ ಮೂಗು ಎತ್ತಿತು. ಇನ್ನಷ್ಟು ತಿರುಗಿಸ್ದೆ, ಇನ್ನಷ್ಟು ಎತ್ತಿ... ಆಯ್ತು, ಆಯ್ತು, ಹೇಳಲ್ಲ. ಮುಖ ಆಚೆ ತಿರುಗಿಸ್ಬೇಡ. ಆದ್ರೂ ಇಳಿಸಿದ್ಯಲ್ಲ ತಾಯಿ! ಮುಂದಿನ ಗಾಲಿ ಮುರೀತು, ಆರು ಜನರಲ್ಲಿ ಒಬ್ಬಮ್ಮನ ಹೆಗಲಿನ ಮೂಳೆ ಮುರೀತು, ನಿನ್ನ ಕೈ, ತಲೆಗೊಂದು ಪೆಟ್ಟು. ಅಷ್ಟೇ. ಬೇರೆ ಯಾರಾದ್ರೂ ಆಗಿದ್ರೆ... ಯಾರ ಅಕ್ಕನ ಮಗಳು, ಹೇಳು!

ನಾನೇನೂ ನುಣುಚ್ಕೊಳ್ತಿಲ್ಲ. ಒಬ್ಬ ಜೋಡಿಸಿದ್ದನ್ನ ಇನ್ನೊಬ್ಬ ತನ್ನ ಕಣ್ಣಿಂದ ನೋಡಿ ಎರಡನೇ ಸಹಿ ಹಾಕ್ಬೇಕು, ಅದು ನಿಯಮ. ನೋಡಿದೀನಿ! ಬೆಳಿಗ್ಗೆ ಆರು ನಲವತ್ತಕ್ಕೆ ಬಾಲದ ಕೆಳಗೆ ಅಂಗಾತ ಮಲಗಿ, ಟಾರ್ಚ್ ಬಿಟ್ಟು ನೋಡಿದೀನಿ. ನಿನ್ನೆ ವಿಚಾರಣೆಯಲ್ಲೂ ಅದನ್ನೇ ಹೇಳ್ದೆ. ಕೇಬಲ್ ಬಿಗಿ ಇತ್ತು, ಪಿನ್ನು ಇತ್ತು, ದಿಕ್ಕು ಮಾತ್ರ ಕಣ್ತಪ್ಪಿ ಹೋಯ್ತು. ಮನುಷ್ಯ ತಾನೇ? ಬರ್ಕೊಂಡ್ರು, ತಲೆ ಅಲ್ಲಾಡಿಸಿದ್ರು, ಮುಗೀತು. ಈಗ ನಿನ್ನ ಆ ವಾಕ್ಯ ಓದಿದ್ರೆ ನನ್ನ ಮತ್ತೆ ಕರೀತಾರೆ ಕಣೇ. ಎಷ್ಟು ಹೊತ್ತಿಗೆ ಬಂದೆ, ಯಾವ ಕಡೆ ಮಲಗಿದ್ದೆ, ಯಾರು ನೋಡಿದ್ರು... ರಿಟೈರ್ ಆಗೋಕೆ ಎರಡು ತಿಂಗಳಿದೆ. ಮೂವತ್ತೊಂದು ವರ್ಷದ ಸಹಿಯನ್ನೆಲ್ಲ ಒಂದೊಂದೇ ತೆಗೆದು ಮೂಸಿ ನೋಡ್ತಾರೆ.

ಮತ್ತೆ ನಿಯಮ ಅಂದ್ರೆ ನಿಯಮ. ನಾನು ಕಾಗದ ಕೊಡ್ತೀನಿ, ನೀನು ಅದರ ಕೆಳಗೆ ಸಹಿ ಹಾಕಿ ವಿಮಾನ ಒಪ್ಕೋತೀಯಾ. ಒಪ್ಕೊಂಡ ಮೇಲೆ ಜವಾಬ್ದಾರಿ ಕ್ಯಾಪ್ಟನ್‌ದು. ನಾನು ಮಾಡಿದ ನಿಯಮನಾ?

ಲೈಸೆನ್ಸಾ? ಹೋಗಲ್ಲ ಕಣೇ... ಆರು ತಿಂಗಳು ಮನೇಲಿ ಕೂರಿಸ್ತಾರೆ... ಒಂದು ವರ್ಷ ಅನ್ನು. ...ಸರಿ, ಹೋದ್ರೂ ಹೋಗ್ಬಹುದು. ವಾಕ್ಯ ಇದ್ರೆ, "ಅನುಭವಸ್ಥನ ಸಹಿ ನಂಬಿದಳು" ಅಂತ ಎಚ್ಚರಿಕೆ ಕೊಟ್ಟು ಬಿಡ್ತಾರೆ. ಇಲ್ದಿದ್ರೆ ಪೂರ್ತಿ ನಿನ್ನ ತಲೆ ಮೇಲೆ. ಗೊತ್ತು. ಲೆಕ್ಕ ಹಾಕಿದೀನಿ. ಆದ್ರೆ ನಿಂಗೆ ಇಪ್ಪತ್ತೊಂಬತ್ತು, ಮತ್ತೆ ಪರೀಕ್ಷೆ ಬರೀಬಹುದು. ನಂಗೆ ಐವತ್ತೊಂಬತ್ತು. ನಾನ್ಯಾವ ಪರೀಕ್ಷೆ ಬರೀಲಿ?

ಯಾಕೆ ಹಾಗೆ ನೋಡ್ತೀಯಾ?

ಆರು ನಲವತ್ತು ಅಂದೆ, ಅದಕ್ಕಾ? ...ನೀನು ಕಾರಲ್ಲಿ ನನ್ನ ಕರ್ಕೊಂಡು ಬಂದಿದ್ದು ಅವತ್ತಲ್ಲ ಚಿಟ್ಟೆ. ಹಿಂದಿನ ದಿನ. ಸ್ಕೂಟರ್ ಸ್ಟಾರ್ಟ್ ಆಗ್ಲಿಲ್ಲ, "ವಿಮಾನ ರಿಪೇರಿ ಮಾಡೋನಿಗೆ ಸ್ಕೂಟರ್ ಬಗ್ಗಲ್ವಾ" ಅಂತ ನಿಮ್ಮಮ್ಮ ಆಡ್ಕೊಂಡ್ಲು, ಎರಡೆರಡು ಲೋಟ ಕಾಫಿ ಕುಡಿದು ಏಳಕ್ಕೆ ಹೊರಟ್ವಿ... ಅದು ಸೋಮವಾರ. ನೀನು ಬಿದ್ದಿದ್ದು ಮಂಗಳವಾರ. ತಲೆಗೆ ಪೆಟ್ಟಾದ್ರೆ ದಿನಗಳು ಕಲಸಿಹೋಗುತ್ತೆ, ಯಾವ ಡಾಕ್ಟ್ರನ್ನ ಬೇಕಾದ್ರೂ ಕೇಳು. ಗೇಟಿನ ಪುಸ್ತಕದಲ್ಲಿ ನಿನ್ನ ಕಾರ್ ನಂಬರ್ ಮಾತ್ರ ಇದೆ. ಪಕ್ಕದ ಸೀಟಲ್ಲಿ ಯಾರಿದ್ರು ಅಂತ ಬರೆಯೋಕೆ ಅದರಲ್ಲಿ ಕಾಲಂ ಇಲ್ಲ.

...ಹೂಂ. ಹೋಗಿ ನೋಡಿದೆ. ನಿನ್ನೆ. ಸುಮ್ನೆ.

ಬ್ಯಾಗಲ್ಲಿ ಏನು ಹುಡುಕ್ತಿದೀಯಾ? ಎಡಗೈಲಿ ಜಿಪ್ಪು ಬರಲ್ಲ, ಕೊಡಿಲ್ಲಿ, ನಾನು ತೆಗೆದು...

ಇದು ನನ್ನ ಟಾರ್ಚು.

ಕೆಂಪು ಟೇಪು... ಹೌದು, ನನ್ನದೇ. ಎಲ್ಲಿತ್ತೇ? ಆರು ವಾರದಿಂದ ಹುಡುಕ್ತಿದೀನಿ, ಹ್ಯಾಂಗರೆಲ್ಲ ತಲೆಕೆಳಗೆ ಮಾಡ್ದೆ. ಕಾರಲ್ಲಾ? ಸೀಟಿನ ಕೆಳಗಾ? ...ಕಾರು ಅವತ್ತಿಂದ ಪಾರ್ಕಿಂಗಲ್ಲೇ ನಿಂತಿತ್ತಲ್ಲ. ನಿನ್ನ ಆಂಬುಲೆನ್ಸಲ್ಲಿ ಕರ್ಕೊಂಡು ಹೋದ್ಮೇಲೆ ಯಾರೂ ಮುಟ್ಟಿಲ್ಲ. ಹಾಗಾದ್ರೆ ಸೋಮವಾರವೇ ಜೇಬಿಂದ ಜಾರಿರ್ಬೇಕು... ಸೋಮವಾರ ಜಾರಿದ್ರೆ... ಮಂಗಳವಾರ ಯಾವ ಟಾರ್ಚ್ ಬಿಟ್ಟು ನೋಡ್ದೆ ಅಂತ. ಅದೇ ತಾನೇ? ಬೈದಾದ್ರೂ ಬಿಡೇ.

ಏಳು ಇಪ್ಪತ್ತಕ್ಕೆ ಒಳಗೆ ಕಾಲಿಟ್ಟೆ ಕಣೇ. ನೀನು ಕಾರು ನಿಲ್ಲಿಸ್ತಿದ್ದೆ. ಫಿಟ್ಟರ್ ಕಾಗದ ಹಿಡ್ಕೊಂಡೇ ನಿಂತಿದ್ದ. "ಮುಚ್ಚಳ ಎಲ್ಲ ಹಾಕಾಯ್ತು ಅಣ್ಣ, ನಿಮ್ಮದೊಂದು ಹಾಕ್ಬಿಡಿ" ಅಂದ. ಬಾಗಿಲಿಗೆ ಕಾಗದ ಒರಗಿಸ್ಕೊಂಡು ಹಾಕ್ದೆ. ಅವನು ಮುಗಿಸಿದ್ದು ಆರೂವರೆ. ಅದಕ್ಕೆ ಹತ್ತು ನಿಮಿಷ ಸೇರಿಸಿ ಆರು ನಲವತ್ತು ಅಂತ ಬರೆದೆ. ಎಷ್ಟೋ ಸಲ ಹಾಗೇ... ಎಷ್ಟೋ ಸಲ. ಹಾರಿಸೋಳು ನೀನು ಅಂತ ಗೊತ್ತಿತ್ತು. ಗೊತ್ತಿತ್ತು ಕಣೇ! ನೀನಾದ್ರೆ ಖಂಡಿತ ನೋಡ್ತೀಯಾ ಅಂದ್ಕೊಂಡೆ. ನೀನು... ಮಾಮ ನೋಡಿರ್ತಾನೆ ಅಂದ್ಕೊಂಡೆ.

ನಿಂಗೆ ಮೊದಲಿಂದಲೂ ಗೊತ್ತಿತ್ತು. ಆಸ್ಪತ್ರೇಲಿ ನಾನು ಹಾಸಿಗೆ ಪಕ್ಕ ಕೂತು ಫಿಟ್ಟರ್‌ಗೆ ಬೈತಿದ್ದಾಗಲೂ. ಆದ್ರೆ ಇದರಲ್ಲಿ... ತಾಳು, ಕನ್ನಡಕ... ಇದರಲ್ಲಿ ಎಲ್ಲೂ ಇಲ್ಲ. ಕಾರಿಲ್ಲ, ಕಾಫಿ ಇಲ್ಲ, ಏಳು ಗಂಟೆ ಇಲ್ಲ. ಮೂರನೇ ವಾಕ್ಯ ನೀನು ಬರೀಲೇ ಇಲ್ಲ. ನಾನಿಲ್ಲಿ ಎರಡನೇದಕ್ಕೆ ಗೋಗರೀತಾ...

ಪೆನ್ನು ಯಾಕೆ ತಗೊಂಡೆ? ಬೇಡ. ಚಿಟ್ಟೆ, ಬೇಡ ಅಂದೆ! ಆಗ ಹೇಳಿದ್ದು ಆಗ. ಇರಲಿ ಆ ವಾಕ್ಯ, ಇರಲಿ, ನಾನೇ ಒಳಗೆ ಹೋಗಿ... ನಾಳೆ ಹೋಗಿ... ಕೈ ಬಿಡಿಸ್ಕೋಬೇಡ್ವೇ, ನೋವಾಗುತ್ತೆ...

ಎಳೆದೇ ಬಿಟ್ಟೆ.

ಒಂದೇ ಗೆರೆ. ಕೆಳಗಿರೋದು ಓದೋಕೆ ಬರುತ್ತೆ. ಎಡಗೈಲೂ ಎಷ್ಟು ನೆಟ್ಟಗೆ... ಪಕ್ಕದಲ್ಲಿ ಚಿಕ್ಕ ಸಹಿ.

ಗಡಿಯಾರ ಯಾಕೆ ನೋಡ್ತೀಯಾ? ಏನೋ ಒಂದು ಬರಿ, ಯಾರು ಕೇಳ್ತಾರೆ...

ಒಂಬತ್ತು ಐವತ್ತೆರಡು.

...ನನ್ನ ಗಡಿಯಾರದಲ್ಲೂ ಅಷ್ಟೇ ಆಗಿದೆ ಕಣೇ.